ಖಾಲಿ ಹೊಟ್ಟೆಯ ಸ್ಕ್ಯಾನಿಂಗ್

ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ತಿಳಿಯಲು ಹೊಟ್ಟೆಯ ಎಕ್ಸ್‌-ರೇ ತೆಗೆಸಿದರೆ ಬಹಳ ಮಂದಿಯಲ್ಲಿ ಏನೂ ಕಾಣುವುದಿಲ್ಲ. ಕಲ್ಲು ಇದ್ದರೂ ಕಾಣುವುದಿಲ್ಲ. ಎಕ್ಸ್‌-ರೇಗೆ ಸಿಗುವಷ್ಟು ಸುಣ್ಣದ ಅಂಶ ಇರುವುದು ಈ ಕಲ್ಲುಗಳ ಪೈಕಿ 100ಕ್ಕೆ 10-15ರಲ್ಲಿ ಮಾತ್ರ. ಉಳಿದವು ಬಹುಪಾಲು ಕೊಲೆಸ್ಟೆರಾಲಿನವು. ಕಿರಣಗಳು ಅವುಗಳ ಮೂಲಕ ಹಾಯ್ದುಹೋಗುತ್ತವೆ. ಆದರೆ ಅದೇ ಎಕ್ಸ್‌-ರೇಯಲ್ಲಿ ಹೊಟ್ಟೆಯ ಮೇಲ್ಭಾಗದ ನಡುವೆ, ಬೆನ್ನುಮೂಳೆಗೆ ಅಡ್ಡಲಾಗಿ ಬಿಳಿ ಹರಳುಗಳು ಚೆದುರಿದಂತೆ ಕಂಡರೆ ವೈದ್ಯರ ಮುಖ ಗಂಭೀರವಾಗುತ್ತದೆ. ಅದು ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ವರ್ಷಗಟ್ಟಲೆ ಉರಿಯೂತದಿಂದ ನರಳಿ ಕಲ್ಲುಗಟ್ಟಿರುವುದರ ಗುರುತು.

ಅಕ್ಕಪಕ್ಕದಲ್ಲೇ ಇರುವ ಎರಡು ಅಂಗಗಳು. ಒಂದರ ಕಲ್ಲು ಎಕ್ಸ್‌-ರೇಗೆ ಸಿಕ್ಕುವುದಿಲ್ಲ, ಇನ್ನೊಂದರದು ಸಿಗುತ್ತದೆ. ಅಲ್ಟ್ರಾಸೌಂಡ್ ಹಿಡಿದು ಹೊರಟರೆ ಲೆಕ್ಕ ತಲೆಕೆಳಗಾಗುತ್ತದೆ: ಪಿತ್ತಕೋಶ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ, ಪ್ಯಾಂಕ್ರಿಯಾಸ್ ಅರ್ಧ ಮರೆ. ಹೊಟ್ಟೆನೋವಿಗೆ "ಒಂದು ಸ್ಕ್ಯಾನಿಂಗ್ ಮಾಡಿಸಿಬಿಡಿ" ಎಂದಷ್ಟೇ ಹೇಳಿದರೆ ಕೆಲಸ ಮುಗಿಯದಿರುವುದು ಇದಕ್ಕೇ. ಯಾವ ಅಂಗದ ಮೇಲೆ ಅನುಮಾನ, ಏನನ್ನು ಹುಡುಕಬೇಕು ಎಂಬುದು ಮೊದಲು ತೀರ್ಮಾನವಾಗಬೇಕು.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳಲ್ಲಿ ಎದೆಗೂಡಿನ ಕೆಳಗೆ ಬರುವ ನೋವಿಗೆಲ್ಲ ಒಂದೇ ಹೆಸರು: ಗ್ಯಾಸ್ಟ್ರಿಕ್. ಮಾರಿಹಬ್ಬದ ಬಾಡೂಟ ಉಂಡು ಮಲಗಿದವರಿಗೆ ನಡುರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡು, ನೋವು ಬಲ ಹೆಗಲಿಗೆ ಏರಿ, ಎರಡು ಮೂರು ಗಂಟೆ ಹಿಂಸೆ ಕೊಟ್ಟು ತಾನಾಗಿ ಇಳಿಯುತ್ತದೆ. ಬೆಳಗ್ಗೆ "ಗ್ಯಾಸ್ ಆಗಿತ್ತು" ಎಂಬ ಮಾತಿನೊಂದಿಗೆ ವಿಷಯ ಮುಗಿಯುತ್ತದೆ. ಮೆಡಿಕಲ್ ಸ್ಟೋರ್‌ನಿಂದ ಒಂದು ಸ್ಟ್ರಿಪ್ ಮಾತ್ರೆ ಬರುತ್ತದೆ. ಮುಂದಿನ ಹಬ್ಬಕ್ಕೆ ಮತ್ತೆ ಅದೇ. ಹೀಗೆ ವರ್ಷಗಳು ಕಳೆದಿರುತ್ತವೆ. ನಿಜವಾದ ಆಮ್ಲದ ತೊಂದರೆಯೂ ಇದೇ ಜಾಗದಲ್ಲಿ ಉರಿಯುತ್ತದೆ ಎಂಬುದು ಸರಿ. ಆದರೆ ಬಂದರೆ ಗಂಟೆಗಟ್ಟಲೆ ನಿಲ್ಲುವ, ಎಣ್ಣೆ-ಕೊಬ್ಬಿನ ಊಟದ ಬೆನ್ನಿಗೇ ಬರುವ, ಹೆಗಲಿಗೆ ಹತ್ತುವ ನೋವು ಪಿತ್ತಕೋಶದ ಕಡೆ ಬೆರಳು ತೋರಿಸುತ್ತದೆ. ಹೊಟ್ಟೆಯ ಮೇಲ್ಭಾಗದ ನಡುವೆ ಹುಟ್ಟಿ ನೇರ ಬೆನ್ನಿಗೆ ಹೊಡೆಯುವ, ಮುಂದಕ್ಕೆ ಬಾಗಿ ಕೂತರೆ ಕೊಂಚ ಹಗುರಾಗುವ ನೋವು ಪ್ಯಾಂಕ್ರಿಯಾಸ್‌ನದ್ದಿರಬಹುದು. ನಡುವಯಸ್ಸು ದಾಟಿದವರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದೇ ಜಾಗದ ನೋವು ಹೃದಯಾಘಾತದ್ದೂ ಆಗಿರಬಹುದು. ಆದ್ದರಿಂದ ಅಂಥವರಿಗೆ ಸ್ಕ್ಯಾನಿಂಗ್‌ಗಿಂತ ಮೊದಲು ಇಸಿಜಿ ಆಗಬೇಕು.

ಪಿತ್ತಕೋಶದ ದೀರ್ಘಕಾಲದ ಉರಿಯೂತದಲ್ಲಿ 100ಕ್ಕೆ 90ಕ್ಕೂ ಹೆಚ್ಚು ಪ್ರಕರಣಗಳಿಗೆ ಕಲ್ಲೇ ಕಾರಣ. ಕಲ್ಲು ಮತ್ತೆ ಮತ್ತೆ ಪಿತ್ತಕೋಶದ ಬಾಯಿಗೆ ಅಡ್ಡ ಸಿಕ್ಕಿ, ಒಳಗೋಡೆ ಕೆರಳಿ, ಕ್ರಮೇಣ ಗೋಡೆ ದಪ್ಪವಾಗಿ ಅಂಗವೇ ಸೊರಗುತ್ತದೆ. ಪಿತ್ತಕೋಶದಿಂದ ಹೊರಟ ದಾರಿ ಯಕೃತ್ತಿನಿಂದ ಬರುವ ನಾಳವನ್ನು ಕೂಡಿಕೊಂಡು ಮುಖ್ಯ ಪಿತ್ತನಾಳವಾಗುತ್ತದೆ. ಸಣ್ಣ ಕರುಳಿಗೆ ತೆರೆಯುವ ಜಾಗದಲ್ಲಿ ಅದು ಪ್ಯಾಂಕ್ರಿಯಾಸ್‌ನ ನಾಳವನ್ನೂ ಸೇರುತ್ತದೆ. ಹಾಗಾಗಿ ಪಿತ್ತಕೋಶದಿಂದ ಜಾರಿದ ಸಾಸಿವೆ ಗಾತ್ರದ ಕಲ್ಲೊಂದು ಆ ಬಾಗಿಲಲ್ಲಿ ಸಿಕ್ಕಿಬಿದ್ದರೆ ಪ್ಯಾಂಕ್ರಿಯಾಸ್‌ಗೆ ಹಠಾತ್ತನೆ ಉರಿಯೂತ ಬಂದು ಜೀವಕ್ಕೇ ಅಪಾಯವಾಗಬಹುದು. ದೊಡ್ಡ ಕಲ್ಲಿಗಿಂತ ಸಣ್ಣ ಕಲ್ಲುಗಳ ಬಗ್ಗೆ ಸರ್ಜನ್‌ಗಳು ಹೆಚ್ಚು ಹುಷಾರಾಗಿರುವುದು ಈ ಕಾರಣಕ್ಕೆ.

ಒಂದು ಕಾಲಕ್ಕೆ ಪಿತ್ತಕೋಶವನ್ನು ನೋಡುವುದೇ ದೊಡ್ಡ ಸಾಹಸವಾಗಿತ್ತು. 1924ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಎವಾರ್ಟ್ಸ್ ಗ್ರಹಾಂ ಮತ್ತು ವಾರನ್ ಕೋಲ್ ಎಂಬ ಸರ್ಜನ್‌ಗಳು ಪಿತ್ತರಸದ ಜೊತೆ ಬೆರೆತು ಎಕ್ಸ್‌-ರೇಯಲ್ಲಿ ಬೆಳ್ಳಗೆ ಕಾಣುವ ಔಷಧಿ ಕೊಟ್ಟು ಮೊದಲ ಬಾರಿಗೆ ಈ ಅಂಗದ ನೆರಳು ತೆಗೆದರು. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು ಆರಂಭವಾದದ್ದೂ ಅದೇ ವರ್ಷ. ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಆ ಕಾಲೇಜಿನ ಕೆ.ಆರ್. ಆಸ್ಪತ್ರೆಯೇ ಇಂದಿಗೂ ಶ್ರೀರಂಗಪಟ್ಟಣ, ಪಾಂಡವಪುರದ ಬಡವರ ದೊಡ್ಡಾಸ್ಪತ್ರೆ. ಗ್ರಹಾಂ-ಕೋಲ್ ವಿಧಾನ ಅರ್ಧ ಶತಮಾನ ಆಳಿತು. ಅದನ್ನು ಮೂಲೆಗೆ ಸರಿಸಿದ್ದು ಶಬ್ದ. ಗ್ಲಾಸ್ಗೋದ ಇಯಾನ್ ಡೊನಾಲ್ಡ್, ಲೋಹದ ಬಿರುಕು ಹುಡುಕಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಶ್ರವಣಾತೀತ ಶಬ್ದದ ಯಂತ್ರವನ್ನು ಮನುಷ್ಯರ ಹೊಟ್ಟೆಯ ಮೇಲೆ ಇಟ್ಟು ನೋಡಿ 1958ರಲ್ಲಿ ಫಲಿತಾಂಶ ಪ್ರಕಟಿಸಿದರು.

ಇವತ್ತಿನ ಅಲ್ಟ್ರಾಸೌಂಡ್ ಯಂತ್ರದ ಪ್ರೋಬ್ ಹೊಟ್ಟೆ ನೋಡಲು ಸೆಕೆಂಡಿಗೆ ಸುಮಾರು 20ರಿಂದ 50 ಲಕ್ಷ ಕಂಪನಗಳ ಶಬ್ದವನ್ನು ಒಳಗೆ ಕಳಿಸುತ್ತದೆ. ಮೃದು ಅಂಗಗಳಿಂದ, ದ್ರವದಿಂದ, ಕಲ್ಲಿನಿಂದ ಅದು ಬೇರೆ ಬೇರೆ ಬಗೆಯಲ್ಲಿ ಮರಳುತ್ತದೆ. ಪಿತ್ತರಸ ತುಂಬಿದ ಪಿತ್ತಕೋಶ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ಅದರೊಳಗಿನ ಕಲ್ಲು ಬೆಳ್ಳಗೆ ಹೊಳೆಯುತ್ತದೆ. ಶಬ್ದ ಅದನ್ನು ದಾಟಲಾರದ್ದರಿಂದ ಹಿಂದೆ ಕಪ್ಪು ನೆರಳು ಬೀಳುತ್ತದೆ. ಪರೀಕ್ಷೆ ಮಾಡುವವರು "ಎಡಕ್ಕೆ ಹೊರಳಿ" ಎನ್ನುವುದು ಸುಮ್ಮನೆ ಅಲ್ಲ. ಹೊರಳಿದಾಗ ಕಲ್ಲು ಉರುಳುತ್ತದೆ. ಪಾಲಿಪ್, ಅಂದರೆ ಗೋಡೆಗೆ ಅಂಟಿ ಬೆಳೆದ ಗಂಟು, ಉರುಳುವುದಿಲ್ಲ, ನೆರಳನ್ನೂ ಬೀಳಿಸುವುದಿಲ್ಲ. ಪಿತ್ತಕೋಶದ ಕಲ್ಲುಗಳಲ್ಲಿ 100ಕ್ಕೆ 95ರಷ್ಟನ್ನು ಈ ಸರಳ ಪರೀಕ್ಷೆಯೇ ಹಿಡಿಯುತ್ತದೆ. ವಿಕಿರಣ ಇಲ್ಲ, ಸೂಜಿ ಇಲ್ಲ. ಇದಕ್ಕಾಗಿ ಯಾರೂ ಮೊದಲೇ ಸಿಟಿ ಸ್ಕ್ಯಾನ್‌ಗೆ ಓಡಬೇಕಾಗಿಲ್ಲ. ಕೆಲವು ಕೊಲೆಸ್ಟೆರಾಲ್ ಕಲ್ಲುಗಳು ಸಿಟಿಯಲ್ಲಿ ಪಿತ್ತರಸದ ಬಣ್ಣಕ್ಕೇ ಬೆರೆತು ಮಾಯವಾಗುವುದೂ ಉಂಟು.

ಆದರೆ ಹೊಟ್ಟೆ ಖಾಲಿ ಇರಬೇಕು. ಇಲ್ಲೇ ನಮ್ಮ ಊರುಗಳಲ್ಲಿ ಅರ್ಧ ಪರೀಕ್ಷೆ ಕೆಡುವುದು. ಕೊಬ್ಬು ಕರುಳಿಗೆ ಬಂದ ಕೂಡಲೇ ಪಿತ್ತಕೋಶ ಹಿಂಡಿಕೊಂಡು ರಸವನ್ನು ಖಾಲಿ ಮಾಡುತ್ತದೆ. ಆಗ ಅದು ಮುದುರಿ, ಆರೋಗ್ಯವಾಗಿದ್ದರೂ ಗೋಡೆ ದಪ್ಪಗೆ ಕಾಣುತ್ತದೆ. ಒಳಗಿನ ಸಣ್ಣ ಕಲ್ಲು ಮಡಿಕೆಯಲ್ಲಿ ಅಡಗುತ್ತದೆ. ಕೆ.ಆರ್. ಪೇಟೆಯ ಹಳ್ಳಿಯಿಂದ ಬೆಳಗಿನ ಬಸ್ಸು ಹತ್ತುವವರು ಒಂದು ಲೋಟ ಕಾಫಿ ಕುಡಿದೇ ಹೊರಡುತ್ತಾರೆ. ಹಾಲು ಹಾಕಿದ ಕಾಫಿಯೂ ಸಾಕು, ಪಿತ್ತಕೋಶ ಹಿಂಡಿಕೊಳ್ಳಲು. 6ರಿಂದ 8 ಗಂಟೆ ಊಟ, ತಿಂಡಿ, ಕಾಫಿ, ಟೀ ಏನೂ ಇಲ್ಲದಿರಬೇಕು. ಬರಿ ನೀರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹಿಂದಿನ ರಾತ್ರಿ ಬೇಗ ಉಂಡು ಬೆಳಗ್ಗೆ ಮೊದಲ ಸರದಿ ಹಿಡಿಯುವುದು ಒಳ್ಳೆಯದು. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಆ ಬೆಳಗಿನ ಡೋಸ್ ಏನು ಮಾಡಬೇಕೆಂದು ಹಿಂದಿನ ದಿನವೇ ವೈದ್ಯರನ್ನು ಕೇಳಿಕೊಳ್ಳಬೇಕು. ಮಾತ್ರೆ ನುಂಗಿ ಉಪವಾಸ ಕೂತು, ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಸಕ್ಕರೆ ಇಳಿದು ತಲೆ ಸುತ್ತಿ ಬೀಳುವಂತಾಗಬಾರದು. ಈ ಎರಡು ಮಾತನ್ನು ಚೀಟಿ ಬರೆಯುವ ಹೊತ್ತಿನಲ್ಲೇ ಹೇಳಿದರೆ ಕೂಲಿ ಬಿಟ್ಟು ಬಂದವರ ಒಂದು ದಿನ ಉಳಿಯುತ್ತದೆ. ಹೇಳುವ ಹೊಣೆ ಆಸ್ಪತ್ರೆಯದ್ದು, ರೋಗಿಯದ್ದಲ್ಲ.

ಉಪವಾಸವಿದ್ದಾಗ ಪಿತ್ತಕೋಶದ ಗೋಡೆ 3 ಮಿಲಿಮೀಟರ್ ಮೀರಿರಬಾರದು. ಮೀರಿದರೆ ವರದಿಯಲ್ಲಿ "ಗೋಡೆ ದಪ್ಪವಾಗಿದೆ" ಎಂದು ಬರುತ್ತದೆ. ಆ ಒಂದು ಸಾಲು ಓದಿ ಆಪರೇಷನ್ ದಿನಾಂಕ ಕೇಳಲು ಹೊರಡುವವರಿದ್ದಾರೆ. ಸ್ವಲ್ಪ ತಡೆಯಬೇಕು. ಡೆಂಗಿ ಜ್ವರದಲ್ಲಿ ಪಿತ್ತಕೋಶದ ಗೋಡೆ ಊದಿಕೊಳ್ಳುವುದು ತೀರಾ ಸಾಮಾನ್ಯ. ಜ್ವರ ವಾಸಿಯಾದಂತೆ ಅದೂ ಇಳಿಯುತ್ತದೆ. ಮಳೆಗಾಲದಲ್ಲಿ ಮಂಡ್ಯ ಸೀಮೆಯ ಆಸ್ಪತ್ರೆಗಳಿಗೆ ಡೆಂಗಿ ಹೊಸತಲ್ಲ. ಯಕೃತ್ತಿನ ಕಾಯಿಲೆ, ಹೃದಯದ ದೌರ್ಬಲ್ಯ, ರಕ್ತದಲ್ಲಿ ಪ್ರೋಟೀನ್ ಕೊರತೆ ಇವುಗಳಲ್ಲೂ ಗೋಡೆ ದಪ್ಪವಾಗುತ್ತದೆ. ಕಲ್ಲು, ದಪ್ಪ ಗೋಡೆ, ಊಟದ ನಂತರದ ಆ ಪರಿಚಿತ ನೋವು, ಈ ಮೂರೂ ಒಟ್ಟಿಗೆ ಸೇರಿದಾಗಲೇ ದೀರ್ಘಕಾಲದ ಉರಿಯೂತ ಎಂಬ ಮಾತಿಗೆ ಬಲ.

ಇನ್ನೊಂದು ಕಡೆಯಿಂದಲೂ ತಪ್ಪು ಆಗುತ್ತದೆ. ಬೇರೆ ಯಾವುದಕ್ಕೋ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಕಾಣುತ್ತದೆ, ನೋವಿನ ಸುಳಿವೇ ಇರುವುದಿಲ್ಲ. ಇಂಥವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ತೊಂದರೆ ಬರುವುದಿಲ್ಲ. ವರ್ಷಕ್ಕೆ 100ರಲ್ಲಿ ಒಬ್ಬರಿಗೋ ಇಬ್ಬರಿಗೋ ನೋವು ಶುರುವಾದೀತು. ಆದ್ದರಿಂದ ನೋವಿಲ್ಲದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಡ. ಮೂತ್ರಪಿಂಡದ ಕಲ್ಲಿಗೆ ಕುಡಿಯುವ ಬಾಳೆದಿಂಡಿನ ರಸವನ್ನು ಇದಕ್ಕೂ ಕುಡಿಯುವ ರೂಢಿ ನಮ್ಮಲ್ಲಿದೆ. ಎರಡು ಕಲ್ಲುಗಳೂ ಬೇರೆ, ದಾರಿಯೂ ಬೇರೆ. ಪಿತ್ತಕೋಶದ ಕಲ್ಲು ಮೂತ್ರದಲ್ಲಿ ಹೋಗುವುದಿಲ್ಲ.

ಕಲ್ಲು ಪಿತ್ತಕೋಶ ಬಿಟ್ಟು ಪಿತ್ತನಾಳಕ್ಕೆ ಇಳಿದಾಗ ಅಲ್ಟ್ರಾಸೌಂಡ್‌ನ ಕೈ ಕಟ್ಟಿಹೋಗುತ್ತದೆ. ನಾಳದ ಕೆಳತುದಿ ಕರುಳಿನ ಹಿಂದೆ ಇದೆ, ಕರುಳಿನ ತುಂಬ ಗಾಳಿ. ಗಾಳಿಯನ್ನು ಈ ಶಬ್ದ ದಾಟುವುದಿಲ್ಲ. ಯಂತ್ರಕ್ಕೆ ಕಲ್ಲು ಕಾಣದಿದ್ದರೂ ನಾಳ ಹಿಗ್ಗಿರುವುದು ಕಾಣುತ್ತದೆ. ಕಣ್ಣು ಹಳದಿಯಾಗಿ, ಯಕೃತ್ತಿನ ರಕ್ತಪರೀಕ್ಷೆ ಏರುಪೇರಾಗಿದ್ದರೆ ಮುಂದಿನ ಹೆಜ್ಜೆ ಎಂಆರ್‌ಸಿಪಿ. ಪಿತ್ತನಾಳದ ಕಲ್ಲು ಕಣ್ಣು ತಪ್ಪಿಸಿ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತೇ ನೋಡಿದ ಉದಾಹರಣೆಯಿದೆ. 1979ರ ಅಕ್ಟೋಬರ್‌ನಲ್ಲಿ ಪದಚ್ಯುತ ಇರಾನ್ ದೊರೆ ಮೊಹಮ್ಮದ್ ರೆಜಾ ಪಹ್ಲವಿಗೆ ನ್ಯೂಯಾರ್ಕಿನ ಹೆಸರಾಂತ ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆದರು. ಪಿತ್ತನಾಳದಲ್ಲಿ ಒಂದು ಕಲ್ಲು ಉಳಿದುಬಿಟ್ಟಿತು. ಅದನ್ನು ತೆಗೆಯಲು ಮತ್ತೆ ಬೇರೆ ಚಿಕಿತ್ಸೆ ಬೇಕಾಯಿತು, ಅಮೆರಿಕದಲ್ಲಿ ಅವರ ವಾಸ ಇನ್ನಷ್ಟು ಲಂಬಿಸಿತು. ಎಂಆರ್‌ಸಿಪಿ ಆಗಿನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು 1991ರ ಸುಮಾರಿಗೆ. ಇಂದು ನಮ್ಮ ರೈತನಿಗೆ ಸಿಗಬಹುದಾದ ಪರೀಕ್ಷೆ ಅಂದು ದೊರೆಗೂ ಇರಲಿಲ್ಲ.

ಎಂಆರ್‌ಸಿಪಿ ಎಂದರೆ ಎಂಆರ್‌ಐ ಯಂತ್ರದಲ್ಲೇ ಮಾಡುವ ವಿಶೇಷ ಪರೀಕ್ಷೆ. ನಿಂತ ದ್ರವ ಮಾತ್ರ ಬೆಳ್ಳಗೆ ಹೊಳೆಯುವಂತೆ, ಉಳಿದದ್ದು ಕಪ್ಪಾಗುವಂತೆ ಯಂತ್ರವನ್ನು ಹೊಂದಿಸುತ್ತಾರೆ. ಪಿತ್ತನಾಳವೂ ಪ್ಯಾಂಕ್ರಿಯಾಸ್‌ನ ನಾಳವೂ ಟಿಸಿಲು ಸಹಿತ ಎದ್ದು ಕಾಣುತ್ತವೆ. ಕಲ್ಲು ಆ ಬಿಳುಪಿನ ನಡುವೆ ಕಪ್ಪು ಚುಕ್ಕೆ. ಔಷಧಿ ಚುಚ್ಚಬೇಕಿಲ್ಲ, ವಿಕಿರಣವಿಲ್ಲ. ಹೇಳಿದಾಗ ಉಸಿರು ಬಿಗಿಹಿಡಿಯಬೇಕು. ಯಂತ್ರದ ಸದ್ದು ಜೋರು, ಸುರಂಗದಂಥ ಜಾಗ. ಹೆದರುವವರಿಗೆ ಮೊದಲೇ ತಿಳಿಸಿ ಧೈರ್ಯ ಹೇಳಬೇಕು. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹದ ಸಾಧನ ಇದ್ದರೆ ಮುಚ್ಚಿಡಬಾರದು.

ಪ್ಯಾಂಕ್ರಿಯಾಸ್‌ನ ಕಥೆ ಇನ್ನೂ ಕಷ್ಟದ್ದು. ಜಠರದ ಹಿಂದೆ, ಬೆನ್ನುಮೂಳೆಗೆ ಆತು ಮಲಗಿರುವ ಅಂಗ ಇದು. ಅಲ್ಟ್ರಾಸೌಂಡ್ ವರದಿಗಳಲ್ಲಿ "ಗಾಳಿಯಿಂದಾಗಿ ಪ್ಯಾಂಕ್ರಿಯಾಸ್ ಸರಿಯಾಗಿ ಕಾಣಲಿಲ್ಲ" ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಅದರರ್ಥ ಪ್ಯಾಂಕ್ರಿಯಾಸ್ ಚೆನ್ನಾಗಿದೆ ಎಂದಲ್ಲ, ಕಾಣಲಿಲ್ಲ ಎಂದಷ್ಟೇ. ಈ ಸಾಲನ್ನು ದಾಟಿ "ನಾರ್ಮಲ್ ರಿಪೋರ್ಟ್" ಎಂದು ಸಮಾಧಾನಪಟ್ಟುಕೊಂಡ ಮನೆಗಳಲ್ಲಿ ಕಾಯಿಲೆ ಸದ್ದಿಲ್ಲದೆ ಬಲಿಯುತ್ತದೆ.

ದೀರ್ಘಕಾಲದ ಪ್ಯಾಂಕ್ರಿಯಾಸ್ ಉರಿಯೂತಕ್ಕೆ ಕುಡಿತ ದೊಡ್ಡ ಕಾರಣ. ಬೀಡಿ-ಸಿಗರೇಟು ತಾನೇ ಒಂದು ಕಾರಣವೂ ಹೌದು, ಕುಡಿತದ ಕೆಡುಕನ್ನು ಹೆಚ್ಚಿಸುವುದೂ ಹೌದು. ಆದರೆ ಹನಿ ಹೆಂಡ ಮುಟ್ಟದ ಹುಡುಗ-ಹುಡುಗಿಯರಲ್ಲೂ ಇದು ಬರುತ್ತದೆ. ದಕ್ಷಿಣ ಭಾರತ ಇದಕ್ಕೆ ವೈದ್ಯಕೀಯ ಪುಸ್ತಕಗಳಲ್ಲೇ ಹೆಸರಾಗಿದೆ. 1959ರಲ್ಲಿ ಇಂಡೋನೇಷ್ಯಾದಿಂದ ಜುಯಿಡೆಮಾ ಎಂಬ ವೈದ್ಯರು ಇಂಥ ರೋಗಿಗಳ ಬಗ್ಗೆ ಬರೆದರು. ಅದರ ಬೆನ್ನಿಗೇ ಕೇರಳದ ಡಾ. ಗೀವರ್ಗೀಸ್ ನೂರಾರು ರೋಗಿಗಳನ್ನು ಅಭ್ಯಾಸ ಮಾಡಿ ಬಾಲ್ಯದ ಹೊಟ್ಟೆನೋವು, ಯೌವನದಲ್ಲಿ ಸಕ್ಕರೆ ಕಾಯಿಲೆ, ಪ್ಯಾಂಕ್ರಿಯಾಸ್‌ನಲ್ಲಿ ದೊಡ್ಡ ದೊಡ್ಡ ಕಲ್ಲು, ಈ ಸರಣಿಯನ್ನು ಜಗತ್ತಿಗೆ ತೋರಿಸಿದರು. ಮರಗೆಣಸು ಕಾರಣ ಎಂದು ಬಹುಕಾಲ ಅನುಮಾನಿಸಲಾಗಿತ್ತು, ಅದು ಸಾಬೀತಾಗಲಿಲ್ಲ. 2002ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಂಥ ರೋಗಿಗಳಲ್ಲಿ ಸ್ಪಿಂಕ್-1 ಎಂಬ ಜೀನಿನ ಬದಲಾವಣೆಯನ್ನು ಗುರುತಿಸಿದರು. ಕೇರಳದ ಆ ಅಭ್ಯಾಸಕ್ಕೆ ಮೊದಲ ಸಾಕ್ಷಿ ಸಾದಾ ಎಕ್ಸ್‌-ರೇ. ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ಆ ಚಿತ್ರ ಇಂದಿಗೂ ಬೆಲೆ ಕಳೆದುಕೊಂಡಿಲ್ಲ. ಇಪ್ಪತ್ತರ ಹರೆಯದ ಸಣಕಲು ಹುಡುಗನಿಗೆ ಸಕ್ಕರೆ ಕಾಯಿಲೆ ಬಂದಿದ್ದು, ಹಿಂದೆ ಹೊಟ್ಟೆನೋವಿನ ಕಥೆ ಇದ್ದರೆ, ಪ್ಯಾಂಕ್ರಿಯಾಸ್ ಕಡೆ ಒಮ್ಮೆ ನೋಡಲೇಬೇಕು.

ಪ್ಯಾಂಕ್ರಿಯಾಸ್‌ನ ಕಲ್ಲಿಗೆ, ಗ್ರಂಥಿ ಸೊರಗಿರುವುದಕ್ಕೆ ಸಿಟಿ ಸ್ಕ್ಯಾನ್ ಒಳ್ಳೆಯ ಸಾಕ್ಷಿ. ಹೊಟ್ಟೆಯ ಒಂದು ಸಿಟಿಯಲ್ಲಿ ಮೈಗೆ ತಗಲುವ ವಿಕಿರಣ ಸುಮಾರು 8ರಿಂದ 10 ಮಿಲಿಸೀವರ್ಟ್. ನೆಲ-ಗಾಳಿ-ಆಕಾಶದಿಂದ ಸಹಜವಾಗಿ ನಮಗೆ ತಗಲುವುದು ವರ್ಷಕ್ಕೆ ಎರಡೂವರೆಯಿಂದ ಮೂರು. ಅಗತ್ಯವಿದ್ದಾಗ ಹೆದರಬೇಕಿಲ್ಲ, ಅಗತ್ಯವಿಲ್ಲದೆ ಆರು ತಿಂಗಳಿಗೊಮ್ಮೆ ಮಾಡಿಸಲೂಬಾರದು. ರಕ್ತನಾಳಕ್ಕೆ ಔಷಧಿ ಚುಚ್ಚಿ ಮಾಡುವ ಸಿಟಿಗೆ ಮೊದಲು ರಕ್ತದ ಕ್ರಿಯಾಟಿನಿನ್ ಅಂಶ ನೋಡಿ ಮೂತ್ರಪಿಂಡ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ನಾಳದ ಸ್ಥಿತಿ ತಿಳಿಯಲು ಮತ್ತೆ ಎಂಆರ್‌ಸಿಪಿ. ಆರೋಗ್ಯವಾಗಿರುವ ಪ್ಯಾಂಕ್ರಿಯಾಸ್‌ನ ನಾಳ ನೂಲಿನಂತೆ ಸಣ್ಣ, ನಯ. ಕಾಯಿಲೆ ಬಲಿತಾಗ ಒಂದೆಡೆ ಕಿರಿದು, ಮುಂದೆ ಹಿಗ್ಗು, ಮತ್ತೆ ಕಿರಿದು. ರೇಡಿಯಾಲಜಿ ಪುಸ್ತಕಗಳು ಇದನ್ನು ಕೆರೆಗಳ ಸರಪಳಿ ಎಂದೇ ಕರೆಯುತ್ತವೆ. ಕೋಡಿ ಹರಿದು ಒಂದರಿಂದೊಂದಕ್ಕೆ ನೀರು ಹೋಗುವ ನಾಗಮಂಗಲದ ಕೆರೆಗಳನ್ನು ಕಂಡವರಿಗೆ ಆ ಚಿತ್ರ ತಕ್ಷಣ ಅರ್ಥವಾದೀತು.

ಆರಂಭದ ಹಂತದಲ್ಲಿ ಇದ್ಯಾವುದೂ ಕಾಣದಿರಬಹುದು. ಅಮೈಲೇಸ್, ಲೈಪೇಸ್ ರಕ್ತಪರೀಕ್ಷೆಗಳೂ ಹಳೆಯ ಉರಿಯೂತದಲ್ಲಿ ಸರಿಯಾಗಿಯೇ ಬರಬಹುದು. ಆಗ ಎಂಡೋಸ್ಕೋಪಿಯ ತುದಿಯಲ್ಲೇ ಅಲ್ಟ್ರಾಸೌಂಡ್ ಕೂರಿಸಿ, ಜಠರದ ಒಳಗಿನಿಂದ ಪಕ್ಕದ ಪ್ಯಾಂಕ್ರಿಯಾಸ್ ನೋಡುವ ಇಯುಎಸ್ ಪರೀಕ್ಷೆ ಬೇಕಾಗುತ್ತದೆ. ಇದು ದೊಡ್ಡ ಕೇಂದ್ರಗಳ ಕೆಲಸ. ಗಂಟು ಕಂಡರೆ ಅಲ್ಲಿಂದಲೇ ಸೂಜಿಯಲ್ಲಿ ಮಾದರಿ ತೆಗೆಯಲೂ ಬರುತ್ತದೆ. ಉರಿಯೂತದ ಗಂಟು ಮತ್ತು ಕ್ಯಾನ್ಸರ್ ಗಂಟು ಒಂದನ್ನೊಂದು ಹೋಲುವ ಅಂಗ ಇದು; ನುರಿತ ಕಣ್ಣಿಗೂ ಚಿತ್ರವೊಂದೇ ಸಾಲದು.

ಈ ನಾಲ್ಕು ತಾಲ್ಲೂಕಿನವರ ಓಡಾಟದ ದಿಕ್ಕುಗಳು ಬೇರೆ ಬೇರೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರು ಹತ್ತಿರ. ನಾಗಮಂಗಲದವರಿಗೆ ಬೆಳ್ಳೂರು ಬಳಿ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ಮೆಡಿಕಲ್ ಕಾಲೇಜು ಆಸ್ಪತ್ರೆಯಿದೆ. ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ, 1980ರ ದಶಕದಲ್ಲಿ, ಆ ಒಣಸೀಮೆಯಲ್ಲಿ ಎದ್ದುನಿಂತದ್ದು. ಕೆ.ಆರ್. ಪೇಟೆಯವರು ಎತ್ತ ಹೊರಟರೂ ದೂರವೇ: ಮೈಸೂರು, ಮಂಡ್ಯದ ಮಿಮ್ಸ್, ಹಾಸನ. ತಾಲ್ಲೂಕಿನಲ್ಲಿ ಅಲ್ಟ್ರಾಸೌಂಡ್, ಅದರಾಚೆಗೆ ಸಿಟಿ-ಎಂಆರ್‌ಐ, ಮತ್ತೂ ಆಚೆ ಇಯುಎಸ್ ಎಂಬ ಮೆಟ್ಟಿಲುಗಳಲ್ಲಿ ಪ್ರತಿ ಮೆಟ್ಟಿಲಿಗೂ ಒಂದು ದಿನದ ಕೂಲಿ, ಬಸ್ ಚಾರ್ಜು ಇದೆ. ಆದ್ದರಿಂದ ಹಳೆಯ ರಿಪೋರ್ಟು, ಫಿಲ್ಮು, ಸಿಡಿ ಎಲ್ಲವನ್ನೂ ಒಂದೇ ಕವರಿನಲ್ಲಿ ಇಟ್ಟುಕೊಂಡು ಒಯ್ಯಬೇಕು. ಅಲ್ಟ್ರಾಸೌಂಡ್‌ನ ಕಾಗದದ ಚಿತ್ರ ಬಿಸಿಲಿಗೆ, ಕಾಲಕ್ಕೆ ಮಾಸುತ್ತದೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಉಳಿಯುತ್ತದೆ. ಎರಡು ವರ್ಷದ ಹಿಂದಿನ ಚಿತ್ರದ ಪಕ್ಕ ಇಟ್ಟು ನೋಡಿದಾಗಲೇ ನಾಳ ಹಿಗ್ಗುತ್ತಿದೆಯೋ, ಗಂಟು ಬೆಳೆಯುತ್ತಿದೆಯೋ ತಿಳಿಯುವುದು.

ಖರ್ಚಿನ ವಿಷಯಕ್ಕೆ ಬಂದರೆ, 2018ರಿಂದ ಇರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆಗೆ ನೆರವಿದೆ. ಮದ್ದೂರು ಸೀಮೆಯವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ, ನಡುವೆ ನಿಂತು ಮತ್ತೆ ಶುರುವಾಗಿದೆ. ಸಹಕಾರ ಸಂಘದ ಸದಸ್ಯರಾದ ರೈತರು ವಿಚಾರಿಸಬೇಕು. ಆದರೆ ಆಸ್ಪತ್ರೆಗೆ ದಾಖಲಾಗದೆ ಮಾಡಿಸುವ ಪರೀಕ್ಷೆಗಳ ಹಣ ಬಹಳ ಸಲ ಕೈಯಿಂದಲೇ ಹೋಗುತ್ತದೆ. ರೋಗ ಗುರುತಿಸುವ ಹಂತದಲ್ಲೇ ಬಡವರು ಹಿಂದೆ ಸರಿಯುವುದಕ್ಕೆ ಇದು ಕಾರಣ. ಯೋಜನೆಗಳು ಇತ್ತ ನೋಡಬೇಕು.

ಅಲ್ಟ್ರಾಸೌಂಡ್ ಎಂದ ಕೂಡಲೇ ಮಂಡ್ಯ ಜಿಲ್ಲೆಯವರ ಮನಸ್ಸಿಗೆ ಬರುವ ನೋವಿನ ವಿಷಯ ಬೇರೊಂದಿದೆ. 2023ರ ಕೊನೆಯಲ್ಲಿ ಮಂಡ್ಯ ಸಮೀಪದ ಆಲೆಮನೆಯೊಂದರಲ್ಲಿ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದರು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು, ಬಳಸುವವರಿಗೆ ಅರ್ಹತೆ ಇರಬೇಕು, ಯಂತ್ರವನ್ನು ಮನಬಂದಲ್ಲಿಗೆ ಒಯ್ಯುವಂತಿಲ್ಲ. ಈ ಬಿಗಿ ಬೇಕೇ ಬೇಕು. ಬಿಗಿಯ ನಡುವೆಯೇ ತಾಲ್ಲೂಕು ಆಸ್ಪತ್ರೆಗಳಿಗೆ ಕಾಯಂ ರೇಡಿಯಾಲಜಿಸ್ಟ್‌ಗಳನ್ನು ಕೊಡುವುದೂ ಸರ್ಕಾರದ ಕೆಲಸ. ಎಕ್ಸ್‌-ರೇ, ಸಿಟಿ ಚಿತ್ರಗಳನ್ನು ದೂರದಲ್ಲಿ ಕೂತು ಓದಬಹುದು. ಬೆಂಗಳೂರಿನಿಂದ 2002ರಲ್ಲಿ ಶುರುವಾದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಸಂಸ್ಥೆ ಹೊರದೇಶದ ಆಸ್ಪತ್ರೆಗಳಿಗೂ ಓದಿಕೊಟ್ಟಿದೆ. ಅಲ್ಟ್ರಾಸೌಂಡ್ ಹಾಗಲ್ಲ. ಅದರಲ್ಲಿ ಪ್ರೋಬ್ ಹಿಡಿದ ಕೈಯೇ ಅರ್ಧ ಪರೀಕ್ಷೆ.

ಚೀಟಿ ಬರೆಯುವ ವೈದ್ಯರು "ಹೊಟ್ಟೆ ಸ್ಕ್ಯಾನಿಂಗ್" ಎಂದಷ್ಟೇ ಬರೆಯದೆ "ಊಟದ ನಂತರ ಬಲಪಕ್ಕೆ ನೋವು, ಮೂರು ತಿಂಗಳಿಂದ, ಪಿತ್ತಕೋಶದ ಕಲ್ಲೇ?" ಎಂದು ಬರೆದರೆ ಆ ಕೈ ಏನನ್ನು ಹುಡುಕಬೇಕೆಂದು ತಿಳಿಯುತ್ತದೆ. ರೋಗಿಯೂ ಹೇಳಬೇಕು: ನೋವು ಎಲ್ಲಿ, ಯಾವಾಗ, ಎಷ್ಟು ಹೊತ್ತು, ತೂಕ ಇಳಿದಿದೆಯೇ, ಮಲ ಜಿಡ್ಡುಜಿಡ್ಡಾಗಿ ತೇಲುತ್ತದೆಯೇ, ಕುಡಿತ ಎಷ್ಟು. ಕುಡಿತದ ಪ್ರಶ್ನೆಗೆ ಮನೆಯವರೆದುರು ನಿಜ ಹೇಳಲು ನಾಚಿಕೆಯಾದರೆ ವೈದ್ಯರನ್ನು ಒಬ್ಬರೇ ಕಾಣಬಹುದು. ನೋವಿನ ಜೊತೆ ಚಳಿಜ್ವರ, ಕಣ್ಣು ಹಳದಿ ಮೂರೂ ಸೇರಿದರೆ ನಾಳೆ ಸ್ಕ್ಯಾನಿಂಗ್ ಎಂದು ಕಾಯುವಂತಿಲ್ಲ, ಅಂದೇ ದೊಡ್ಡ ಆಸ್ಪತ್ರೆ ಸೇರಬೇಕು.

ಕೊನೆಗೆ ಪಿತ್ತಕೋಶ ತೆಗೆಯುವುದೇ ಸರಿ ಎಂದಾದರೆ ಈಗ ಅದು ಹೊಟ್ಟೆ ಕೊಯ್ಯುವ ಆಪರೇಷನ್ ಆಗಿ ಉಳಿದಿಲ್ಲ. 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ ದೇಶಕ್ಕೆ ತಂದ ಲ್ಯಾಪರೋಸ್ಕೋಪಿ ವಿಧಾನದಲ್ಲಿ ನಾಲ್ಕು ಸಣ್ಣ ರಂಧ್ರ ಸಾಕು. ತೆಗೆದ ಪಿತ್ತಕೋಶವನ್ನು ಪೆಥಾಲಜಿ ಪರೀಕ್ಷೆಗೆ ಕಳಿಸುತ್ತಾರೆ. ಗೋಡೆ ವಿಪರೀತ ದಪ್ಪವಾಗುವ ಒಂದು ಬಗೆಯ ಹಳೆಯ ಉರಿಯೂತ ನಮ್ಮ ದೇಶದಲ್ಲಿ ಹೆಚ್ಚು; ಸಿಟಿಯಲ್ಲೂ ಅದು ಕ್ಯಾನ್ಸರನ್ನೇ ಹೋಲುತ್ತದೆ. ಕೆಲವೊಮ್ಮೆ ಬರಿ ಉರಿಯೂತ ಎಂದುಕೊಂಡದ್ದರಲ್ಲಿ ಕ್ಯಾನ್ಸರ್ ಅಡಗಿರುವುದೂ ಉಂಟು. ಸೂಕ್ಷ್ಮದರ್ಶಕದ ಅಡಿಯಲ್ಲೇ ಅದು ತೀರ್ಮಾನವಾಗುವುದು. ಆ ವರದಿ ಬರಲು ವಾರವೋ ಹತ್ತು ದಿನವೋ ಬೇಕು. ಅಷ್ಟರಲ್ಲಿ ಹೊಲಿಗೆ ಬಿಚ್ಚಿಸಿಕೊಂಡು, ನೋವು ಹೋಯಿತೆಂದು ಗದ್ದೆ ಕೆಲಸಕ್ಕೆ ಇಳಿದವರು ಆ ಒಂದು ಕಾಗದಕ್ಕಾಗಿ ಮತ್ತೆ ಬಸ್ಸು ಹತ್ತಲು ಮನಸ್ಸು ಮಾಡುವುದಿಲ್ಲ. ಹತ್ತಬೇಕು; ವರದಿಯನ್ನು ಸರ್ಜನ್‌ಗೆ ತೋರಿಸಿ, ಅದನ್ನೂ ಹಳೆಯ ಸ್ಕ್ಯಾನಿಂಗ್‌ಗಳ ಕವರಿಗೆ ಸೇರಿಸಬೇಕು.